ಹಿಮ್ಮಡಿಗೊಂದು ಸೂಜಿ

"ತಾಯಂದಿರೆಲ್ಲ ಹೊರಗೆ!"

ಬೆಳಿಗ್ಗೆ ಹತ್ತಕ್ಕೆ ಹೆಡ್ ನರ್ಸ್ ಹೀಗೆ ಕೂಗಿದರೆ ಎಳೆಗೂಸುಗಳ ತೀವ್ರ ನಿಗಾ ಘಟಕದಲ್ಲಿ ಸೂಜಿಯ ಹೊತ್ತು ಬಂತೆಂದೇ ಅರ್ಥ. ರಕ್ತಪರೀಕ್ಷೆಗೆ ಮಕ್ಕಳ ಹಿಮ್ಮಡಿ ಚುಚ್ಚುತ್ತಿದ್ದರು. ಎರಡು ತಿಂಗಳು ಮೊದಲೇ ಹುಟ್ಟಿದ ಮಗಳನ್ನು ಬಿಟ್ಟು ಕಂಡಕ್ಟರಮ್ಮ ಒಂಬತ್ತು ದಿನ ತೆಪ್ಪಗೆ ಹೊರಗೆ ಹೋಗಿದ್ದಳು. ಬಾಗಿಲಾಚೆಗೂ ಆ ಕೀರಲು ಅಳು ಕೇಳುತ್ತಿತ್ತು. ಹದಿನಾಲ್ಕು ವರ್ಷ ಬಸ್ಸಿನಲ್ಲಿ ಊರಿಗೆಲ್ಲ ಜೋರು ಮಾಡಿದವಳು ಇಲ್ಲಿ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು.

ಹತ್ತನೇ ದಿನ ಮಗು ಅವಳ ಬರಿ ಎದೆಗೆ ಅಂಟಿಕೊಂಡು ಮಲಗಿದ್ದಾಗ ಕೂಗು ಬಂತು. ಅವಳು ಕುರ್ಚಿಯಿಂದ ಏಳಲಿಲ್ಲ.

"ಕೇಳಿಸ್ಲಿಲ್ವೇನಮ್ಮಾ?" ಹೆಡ್ ನರ್ಸ್ ಹತ್ತಿರ ಬಂದರು.

"ಕೇಳಿಸ್ತು ಅಕ್ಕಾ. ಇಲ್ಲೇ ಚುಚ್ಚಿ, ನನ್ನೆದೆ ಮೇಲೇ."

"ಹೋದ ತಿಂಗಳು ಒಬ್ಬಳು ಹಟ ಹಿಡಿದು ನಿಂತು, ತಲೆ ತಿರುಗಿ ಬಿದ್ಲು. ಮಗೂಗೆ ಹಾಕಿದ್ದ ವೈರೆಲ್ಲ ಕಿತ್ತು ಬಂತು."

"ಓಡೋ ಬಸ್ಸಲ್ಲಿ ಕಂಬ ಹಿಡೀದೆ ಟಿಕೆಟ್ ಹರಿಯೋಳು ನಾನು. ಬೀಳಲ್ಲ. ಅದೂ ಅಲ್ದೆ ಕೂತಿದೀನಲ್ಲ!"

ಹೆಡ್ ನರ್ಸ್‌ಗೆ ನಗು ತಡೆಯಲಾಗಲಿಲ್ಲ. "ಆಯ್ತು, ಇದೊಂದ್ಸಲ. ಆಕ್ಸಿಜನ್ ತೊಂಬತ್ತಕ್ಕಿಂತ ಕೆಳಗಿಳಿದ್ರೆ ನಾಳೆಯಿಂದ ತುಟಿಪಿಟಕ್ಕೆನ್ನದೆ ಹೊರಗೆ."

ಚುಚ್ಚಿದಾಗಲೆಲ್ಲ ಪರದೆಯ ಮೇಲಿನ ಆ ಅಂಕಿ ಎಂಬತ್ತಕ್ಕೆ ಜಾರುತ್ತಿದ್ದುದು ಬಾಗಿಲ ಗಾಜಿನಿಂದ ನೋಡುತ್ತಿದ್ದ ಕಂಡಕ್ಟರಮ್ಮನಿಗೂ ಗೊತ್ತಿತ್ತು.

ಕಂಡಕ್ಟರಮ್ಮ ಹಿಂಡಿಟ್ಟಿದ್ದ ತನ್ನ ಹಾಲಿನ ಎರಡು ಹನಿ ಮಗಳ ನಾಲಿಗೆಗೆ ಬಿಟ್ಟಳು. ಒಂದು ಅಂಗೈಯಿಂದ ತಲೆಯನ್ನೂ ಇನ್ನೊಂದರಿಂದ ಬೆನ್ನನ್ನೂ ಮುಚ್ಚಿ ಹಿಡಿದಳು. ಜೋಗುಳ ಅವಳಿಗೆ ಬರುತ್ತಿರಲಿಲ್ಲ. ಬಾಯಿಗೆ ಬಂದದ್ದು ತನ್ನ ಬಸ್ಸಿನ ಸ್ಟಾಪುಗಳು. "ಗಡಿಯಾರದ ಕಂಬ... ಹಳೇ ಸೇತುವೆ... ಹುಡುಗೀರ ಶಾಲೆ..." ಹೊಟ್ಟೆಯಲ್ಲಿದ್ದಾಗ ಕೂಸು ದಿನವಿಡೀ ಕೇಳಿದ್ದೂ ಅದನ್ನೇ.

ಸೂಜಿ ಚುಚ್ಚಿತು. ಮಗು ಹುಬ್ಬು ಗಂಟಿಕ್ಕಿ ಒಮ್ಮೆ ಕೀಂ ಎಂದಿತು. ತೊಂಬತ್ತೈದು. ತೊಂಬತ್ತಮೂರು. ತೊಂಬತ್ತೆರಡು. "ಮಾರ್ಕೆಟ್ಟು... ನೀರಿನ ಟ್ಯಾಂಕು..." ಅಂಕಿ ಅಲ್ಲೇ ನಿಂತಿತು, ಮತ್ತೆ ಮೇಲೇರಿತು. ಹಿಮ್ಮಡಿಗೆ ಹತ್ತಿ ಒತ್ತುವ ಹೊತ್ತಿಗೆ ಮಗು ನಿದ್ದೆ ಹೋಗಿತ್ತು.

ಕಂಡಕ್ಟರಮ್ಮ ಬೀಳಲಿಲ್ಲ, ಖುಷಿಗೆ ಗಳಗಳನೆ ಅತ್ತಳು. ಹೆಡ್ ನರ್ಸ್ ಕಣ್ಣೂ ಒದ್ದೆಯಾಗಿತ್ತು, ಆದರೆ ಅದನ್ನವರು ಒಪ್ಪುವವರಲ್ಲ. ಬಾಗಿಲಾಚೆ ನಿಂತಿದ್ದ ತಾಯಂದಿರ ಕಡೆ ನೋಡಿದರು.

"ನನ್ನ ಗಂಟಲಿಗೆ ಹೊರಗೆ ಕಳ್ಸೋದಷ್ಟೇ ರೂಢಿ," ಎಂದರು. "ನೀವೇ ಕರೀರಮ್ಮ."

ಹದಿನಾಲ್ಕು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? ಮಗಳ ಕಿವಿಯನ್ನು ಅಂಗೈಯಿಂದ ಮುಚ್ಚಿ, ಕಂಡಕ್ಟರಮ್ಮ ಬಾಗಿಲ ಕಡೆ ಕತ್ತು ಚಾಚಿದಳು.

"ಒಳಗೆ ಬನ್ನಿ, ಒಳಗೆ ಬನ್ನಿ! ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಜಾಗ ಇದೆ!"