ನಡೆ-ನುಡಿ ಬಳಗದ ಹಿತ್ತಾಳೆ ಸೀಟಿ

ಸೀಟು ಸಿಗದೆ ನಿಂತು ಪ್ರಯಾಣ ಮಾಡಿದವರು ಬಹಳ ಮಂದಿ. ಕೊರಳಿಗೆ ಜೋತುಬಿದ್ದೇ ಆಯುಷ್ಯ ಕಳೆದವನು ನಾನು. ಸೀಟಲ್ಲ, ಸೀಟಿ. ಉತ್ತರದ ಯಾವುದೋ ಊರಿನ ಕಾರ್ಖಾನೆಯಲ್ಲಿ ಹಿತ್ತಾಳೆ ತಗಡು ಬಗ್ಗಿಸಿ, ಬೆಸೆದು, ಹೊಟ್ಟೆಯೊಳಗೆ ಬೆಂಡಿನ ಗುಂಡೊಂದನ್ನು ಹಾಕಿ, ಒಂದು ಸಲ "ಪುರ್ರ್" ಎನ್ನಿಸಿ ನೋಡಿ ನನ್ನನ್ನು ಹೊರಗೆ ಕಳಿಸಿದರು. ಹುಟ್ಟಿದ ಕೂಸು ಅತ್ತರೆ ಸಾಕು, ಗಟ್ಟಿಮುಟ್ಟಾಗಿದೆ ಎನ್ನುತ್ತಾರಲ್ಲ, ಹಾಗೆ.

ಮೊದಲ ಯಜಮಾನ ತಿಪಟೂರಿನ ಖಾಸಗಿ ಬಸ್ಸಿನ ಕಂಡಕ್ಟರ್ ಹನುಮಂತರಾಯಪ್ಪ. ಅವನ ಎಲೆಅಡಿಕೆ ಬಾಯಲ್ಲಿ ನನಗಿದ್ದದ್ದು ಎರಡೇ ಮಾತು. "ಪೀ" ಎಂದರೆ ನಿಲ್ಲು, "ಪೀ ಪೀ" ಎಂದರೆ ಹೊರಡು. ಅವನ ಮಗಳು ಕಬಡ್ಡಿಯಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆಯಾದ ದಿನ ನನ್ನನ್ನು ತಿಕ್ಕಿ ತೊಳೆದು, ಅವಳಿಗೆ ಆಟ ಕಲಿಸಿದ ಹೈಸ್ಕೂಲಿನ ಪಿ.ಟಿ. ಮೇಡಂ ಸರ್ವಮಂಗಳಮ್ಮನವರ ಕೈಗಿಟ್ಟ.

"ನನ್ ಮಗ್ಳುನ್ನ ಓಡ್ಸಿದ್ದು ನೀವು ಮೇಡಂ. ನಾನ್ ಬರೀ ಬಸ್ ಓಡ್ಸಿದೋನು."

"ಬಸ್ ಓಡ್ಸೋನು ಡ್ರೈವರ್ ಅಲ್ವೇನಪ್ಪಾ?" ಎಂದು ನಕ್ಕರು ಮೇಡಂ.

ಅಂದಿನಿಂದ ನಾನು ಅವರ ಎದೆಯ ಮೇಲೆ. ಅಲ್ಲಿಂದ ಅವರ ಮುಖದಲ್ಲಿ ನನಗೆ ಕಾಣುತ್ತಿದ್ದದ್ದು ಗದ್ದ ಮಾತ್ರ. ಗದ್ದ ಮೇಲೆದ್ದರೆ ಇಡೀ ಮೈದಾನ ನಿಶ್ಶಬ್ದ. ನಿವೃತ್ತರಾದ ಮೇಲೆ ಅವರು ನಡೆ-ನುಡಿ ಬಳಗದ ಮುಂದಾಳಾದರು. ಬೆಳಗಾದರೆ ಕೆರೆ ಏರಿಯ ಮೇಲೆ ನಡೆಯುವವರ ಗುಂಪು ಅದು. ನಡೆ ಒಂದು ಪಾಲು, ನುಡಿ ಮೂರು ಪಾಲು. ಆ ಮೂರು ಪಾಲನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದವರು ಕೊಬ್ಬರಿ ಮಂಡಿಯ ಶಂಕರಲಿಂಗಪ್ಪ. ಅವರ ಪಕ್ಕದಲ್ಲಿ ಸದಾ ನಡೆಯುತ್ತಿದ್ದವರು ನಿವೃತ್ತ ಪೋಸ್ಟ್ ಮಾಸ್ಟರ್ ಸೀತಾರಾಮಯ್ಯ. ಇವರು ಮಾತಿನಲ್ಲಿ ಬಡವರು, ಸಿಳ್ಳೆಯಲ್ಲಿ ಸಾಹುಕಾರರು. ಹಳೆಯ ಚಿತ್ರಗೀತೆಗಳನ್ನು ಬಾಯಲ್ಲೇ ಗಮಕದ ಸಮೇತ ನುಡಿಸಿಬಿಡುತ್ತಿದ್ದರು. ಒಂದೇ ಸ್ವರದ ನನಗೆ ಹೊಟ್ಟೆಕಿಚ್ಚು; ಹೊಟ್ಟೆಯೊಳಗಿನ ಗುಂಡು ಉರುಳಾಡುವಷ್ಟು.

ಒಂದು ವರ್ಷ ಮಳೆಗಾಲದಲ್ಲಿ ಬಳಗವು ಚಿಕ್ಕಮಗಳೂರಿನ ಕಡೆಯ ಒಂದು ಬೆಟ್ಟಕ್ಕೆ ಹೊರಟಿತು. ಹೊರಟಾಗ ತುಂತುರು. ಅರ್ಧ ದಾರಿಯಲ್ಲಿ ಬಂಡೆಯ ಮರೆಗೆ ಕುಳಿತು ಇಡ್ಲಿ, ಚಕ್ಕುಲಿ ತಿಂದು ಎದ್ದಾಗ ಗಾಳಿ. ತುದಿಗೆ ಇನ್ನೊಂದೇ ಏರು ಎನ್ನುವಾಗ ಮಂಜು ಕವಿದು ಮುಂದಿನವರ ಬೆನ್ನೂ ಕಾಣದಾಯಿತು. ಮೇಡಂ "ಪೀ" ಎಂದು ಊದಿ ಎಲ್ಲರನ್ನೂ ನಿಲ್ಲಿಸಿ ತಲೆ ಎಣಿಸಿದರು. ಸೀತಾರಾಮಯ್ಯ ಇರಲಿಲ್ಲ.

"ಪೋಸ್ಟ್ ಮಾಸ್ಟ್ರೇ ಅಡ್ರೆಸ್ಸಿಗಿಲ್ಲ ಅಂದ್ರೆ ಹೆಂಗ್ರೀ?" ಎಂದರು ಶಂಕರಲಿಂಗಪ್ಪ. ಯಾರೂ ನಗಲಿಲ್ಲ. ಅವರಿಗೇ ನಗು ಬರಲಿಲ್ಲ.

ಆಗ ಬಲಗಡೆ ಕೆಳಗಿನಿಂದ ಸಿಳ್ಳೆ ಕೇಳಿಸಿತು. ನಿಧಾನವಾಗಿ ಏರಿ, ಬಳುಕಿ, ಪಲ್ಲವಿಯ ನಡುವೆ ಮರೆತಂತೆ ನಿಂತು, ಮತ್ತೆ ಏರಿತು.

"ಅಗೋ! ಅಲ್ಲವ್ರೆ!" ಎಂದು ಶಂಕರಲಿಂಗಪ್ಪ ಸದ್ದಿನ ಕಡೆ ಇಳಿದೇಬಿಟ್ಟರು. ಹಿಂದೆಯೇ ಉಳಿದವರೂ ತಿರುಗಿದರು. ನಿಜ ಹೇಳುತ್ತೇನೆ, ಅದು ಸೀತಾರಾಮಯ್ಯನವರೇ ಎಂದು ನಾನೂ ಅಂದುಕೊಂಡೆ. ಮೇಡಂ ನನ್ನನ್ನು ಜೋರಾಗಿ ಊದಿ, ಕಿವಿಗೊಟ್ಟರು. ಹಾಡು ನಿಲ್ಲಲಿಲ್ಲ. ಇನ್ನೊಮ್ಮೆ ಊದಿದರು. ಹಾಡು ತನ್ನ ಪಾಡಿಗೆ ತಾನು ಸಾಗಿತು.

"ಶಂಕರಲಿಂಗಪ್ಪೋರೆ, ನಿಲ್ರಿ ಅಲ್ಲೇ!"

"ಅಲ್ಲ ಮೇಡಂ, ಪಾಪ ಆ ಮನುಷ್ಯ ಅಲ್ಲಿ ಬಿದ್ದು..."

"ಬಿದ್ದೋರು ಹಾಡ್ತಾ ಕೂತಿರ್ತಾರೇನ್ರೀ? ಹೆಸ್ರು ಕೂಗೋ ಮುಂಚೇನೇ 'ಹಾಜರ್' ಅನ್ನೋ ಮನುಷ್ಯ ಅವ್ರು. ಸೀಟಿ ಊದಿದ್ರೆ ಓ ಅನ್ನಲ್ವಾ? ಅದು ಅವ್ರಲ್ಲ."

ಗಾಳಿ ಬೀಸಿ ಮಂಜು ಒಮ್ಮೆ ಹರಿಯಿತು. ಶಂಕರಲಿಂಗಪ್ಪನವರ ಪಾದದಾಚೆ ಹುಲ್ಲು ಮುಗಿದು ಕಮರಿ ಬಾಯಿ ತೆರೆದಿತ್ತು. ಅದರ ಅಂಚಿನ ಕಲ್ಲಿನ ಮೇಲೆ ಕಪ್ಪುನೀಲಿ ಹಕ್ಕಿಯೊಂದು ಕುಳಿತು, ಕೆಲಸವಿಲ್ಲದ ಹುಡುಗರಂತೆ ಸಿಳ್ಳೆ ಹಾಕುತ್ತಿತ್ತು. ಸಿಳ್ಳಾರ ಹಕ್ಕಿ. ಶಂಕರಲಿಂಗಪ್ಪ ನಾಲ್ಕು ಕಾಲಿನಲ್ಲಿ ಮೇಲೆ ಬಂದರು.

"ಹಂಗಾದ್ರೆ ಹಿಂದಕ್ಕೋಗಿ ಹುಡುಕಾಣ" ಎಂದರು ಕೆಲವರು.

"ಹುಡುಕೋಕೆ ಹೋದೋರನ್ನ ಹುಡುಕೋಕೆ ನನ್ ಹತ್ರ ಜನ ಇಲ್ಲ. ಎಲ್ರೂ ಕೂತ್ಕೊಳ್ಳಿ. ನಾವು ಅಲ್ಲಾಡದಿದ್ರೆ ಅವ್ರೇ ನಮ್ಮ ಹತ್ರ ಬರ್ತಾರೆ."

"ಬರ್ದಿದ್ರೆ?"

ಉತ್ತರ ಮೇಡಂ ಅವರ ಎದೆಯಲ್ಲಿತ್ತು. ಅಲ್ಲೇ ಜೋತುಬಿದ್ದಿದ್ದ ನನಗೆ ಅದರ ಬಡಿತ ಕೇಳಿಸಿತು, ಹನುಮಂತರಾಯಪ್ಪನ ಬಸ್ಸಿನ ಇಂಜಿನ್ನಿಗಿಂತ ಜೋರಾಗಿ. ಅವರು ಊದಿದರು, ನಿಲ್ಲಿಸಿ ಆಲಿಸಿದರು, ಮತ್ತೆ ಊದಿದರು. ಮಳೆ ನನ್ನ ಹೊಟ್ಟೆಗಿಳಿದು ಗುಂಡು ಅಂಟಿಕೊಂಡಾಗ ಕೊಡವಿ, ಸ್ವೆಟರಿನ ಒಳಮಗ್ಗುಲಿಗೆ ಒರೆಸಿ, ಮತ್ತೆ ತುಟಿಗಿಟ್ಟರು. ಆ ತುಟಿ ತಣ್ಣಗೆ ಕಲ್ಲಾಗಿತ್ತು. ಬೇರೆಯವರು ಕೈಚಾಚಿದರೂ ಕೊಡಲಿಲ್ಲ. ಮೈದಾನದಲ್ಲಿ ಮಕ್ಕಳನ್ನು ಓಡಿಸುವ ಮೇಡಂರನ್ನು ಕಂಡಿದ್ದೆ. ಓಡಿಹೋಗಬೇಕೆನ್ನಿಸುವಾಗ ನಿಲ್ಲಬಲ್ಲ ಮೇಡಂರನ್ನು ಅಂದೇ ಕಂಡದ್ದು.

ಕೊನೆಗೆ ಹಿಂಬದಿಯ ಇಳಿಜಾರಿನಿಂದ, ಹುಲ್ಲಿನ ಬುಡ ಹಿಡಿದು ತೆವಳುತ್ತಾ, ಸೀತಾರಾಮಯ್ಯ ನನ್ನ ದನಿಯ ಗುಂಟ ಬಂದರು. ಬಾಯಿಗೆ ಟವೆಲು ಒತ್ತಿಕೊಂಡಿದ್ದರು.

"ಎಲ್ಲೋಗಿದ್ರಿ ಮಾರಾಯ್ರೇ? ಒಂದ್ ಸಿಳ್ಳೆ ಹೊಡೀಬಾರ್ದಾ?" ಎಂದು ಎಲ್ಲರೂ ಮುತ್ತಿಕೊಂಡರು. ಅವರು ತಲೆ ಅಲ್ಲಾಡಿಸಿದರು, ಅಷ್ಟೇ. ಮೇಡಂ ತಮ್ಮ ರೇನ್‌ಕೋಟನ್ನು ಅವರಿಗೆ ಹೊದಿಸುವ ನೆಪದಲ್ಲಿ ಹತ್ತಿರ ಬಗ್ಗಿದರು.

"ಅಲ್ಲು, ಶರ್ವಮಂಗಳಮ್ಮ..." ಎಂಬ ಪಿಸುದನಿ ನಮ್ಮಿಬ್ಬರಿಗೇ ಕೇಳಿಸಿತು. "ಚಕ್ಕುಲಿ ಶಿಕ್ಕಾಕ್ಕೊಂಡಿತ್ತು. ತೆಗ್ದು ಎಲೇಲಿ ಇಟ್ಟಿದ್ದೆ. ಎಲೆ ಜತೆ ಎಶ್ದುಬಿಟ್ಟೆ."

ಕಟ್ಟಿಸಿದ ಹಲ್ಲು! ನಾಚಿಕೆಯಿಂದ ಯಾರಿಗೂ ಹೇಳದೆ ಅದನ್ನು ಹುಡುಕಲು ಹಿಂದಕ್ಕೆ ಹೋದವರು ಮಂಜಿನಲ್ಲಿ ಸಿಕ್ಕಿದ್ದರು. ಹಲ್ಲೂ ಸಿಗಲಿಲ್ಲ. ಹಲ್ಲಿಲ್ಲದ ಬಾಯಿಗೆ ಸಿಳ್ಳೆಯೂ ಬರಲಿಲ್ಲ. ಕೂಗಿದ್ದನ್ನು ಗಾಳಿ ತಿಂದುಹಾಕಿತ್ತು.

ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಇದೆ. ಹಲ್ಲಿಲ್ಲದವನಿಗೆ ಸೀಟಿಯಾದರೂ ಇರಲಿ ಎಂದು ಮೇಡಂ ಬಾಯಲ್ಲಲ್ಲ, ಕೈಯಲ್ಲೇ ಅದಕ್ಕೊಂದು ಬಾಲ ಸೇರಿಸಿದರು. ನನ್ನನ್ನು ಕೊರಳಿನಿಂದ ತೆಗೆದು ಸೀತಾರಾಮಯ್ಯನವರ ಬಾಯಿಗಿಟ್ಟು, ತಮ್ಮ ಮೈದಾನದ ದನಿಯಲ್ಲಿ ಹೇಳಿದರು: "ಕೇಳಿ ಎಲ್ರೂ! ವಾಪಸ್ ಇಳೀತೀವಿ. ನನ್ ಮುಂದೆ ಇವ್ರು ಊದ್ತಾ ನಡೀತಾರೆ. ಕೆಳಗೆ ಮುಟ್ಟೋವರ್ಗೂ ಸೀಟಿ ಬಾಯಿಂದ ತೆಗ್ಯೋ ಹಾಗಿಲ್ಲ. ಯಾರೂ ಇವ್ರನ್ನ ಮಾತಾಡಿಸ್ಕೂಡ್ದು."

"ತುದಿ ಮೇಡಂ?"

"ತುದಿಗೆ ಕಾಲಿಲ್ಲ, ಎಲ್ಲೂ ಹೋಗಲ್ಲ. ನಡೀರಿ."

ಮೆತ್ತನೆಯ ಒಸಡಿನ ನಡುವೆ ನಾನು ಮೊದಲು "ಫುಸ್" ಎಂದೆ. ಆಮೇಲೆ ಇಬ್ಬರಿಗೂ ರೂಢಿಯಾಯಿತು.

ಬೆಟ್ಟದ ಬುಡದ ಹೋಟೆಲಿನಲ್ಲಿ ಶಂಕರಲಿಂಗಪ್ಪ ಎಲ್ಲರಿಗೂ ಮೆಣಸಿನಕಾಯಿ ಬಜ್ಜಿ ಹೇಳಿದರು. ಸೀತಾರಾಮಯ್ಯನವರ ಮುಂದೆ ಮಾತ್ರ ಒಂದು ಲೋಟ ಬಿಸಿ ಹಾಲು, ಎರಡು ಬನ್ನು ಬಂದವು. "ನೆಂದವ್ರೆ, ಖಾರ ಬ್ಯಾಡ" ಎಂದು ಗೋಡೆಗೆ ಹೇಳಿದಂತೆ ಹೇಳಿ, ಆ ಮಹಾ ಮಾತುಗಾರರು ಅತ್ತ ತಿರುಗಿ ಕುಳಿತರು. ಇವತ್ತಿಗೂ ಹಲ್ಲಿನ ವಿಷಯವನ್ನು ಅವರು ಯಾರ ಬಳಿಯೂ ಎತ್ತಿಲ್ಲ.

ಮೇಡಂ ನನ್ನನ್ನು ವಾಪಸ್ಸು ಕೇಳಲಿಲ್ಲ. ಅವರ ಕೊರಳಲ್ಲಿ ಈಗ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಸೀಟಿ ಇದೆ. ಆ ದಿನ ನೀರು ಕುಡಿದ ಗುಂಡು ಕೊಳೆತು ಉದುರಿ, ನನ್ನ ದನಿ ಹೋಯಿತು. ಸೀತಾರಾಮಯ್ಯನವರ ನಡುಮನೆಯ ಕನ್ನಡಿಯ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದೇನೆ. ಒಂದು ಸೀಟಿಗೆ ಇನ್ನೇನು ಬೇಕು? ಒಬ್ಬ ಮನುಷ್ಯನನ್ನು ಕರೆತಂದೆ, ಅವನ ಮಾನವನ್ನೂ ಜೋಪಾನವಾಗಿ ಬೆಟ್ಟ ಇಳಿಸಿದೆ. ಬೆಳಿಗ್ಗೆ ಬೀದಿಯಲ್ಲಿ ಪ್ಲಾಸ್ಟಿಕ್ ಸೀಟಿ ಕೂಗಿದ ಕೂಡಲೇ ಅವರು ಶೂ ಕಟ್ಟಿಕೊಂಡು ಕನ್ನಡಿಯ ಮುಂದೆ ಬರುತ್ತಾರೆ, ಹೊಸ ಹಲ್ಲನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡಿಕೊಂಡು ಒಮ್ಮೆ ನಕ್ಕು ನೋಡುತ್ತಾರೆ. ಆ ನಗು ತಿಪಟೂರಿಗೆ ಸಿಗುವ ಮೊದಲು ನನಗೆ ಸಿಗುತ್ತದೆ.