ಸ್ಪ್ಯಾನಿಷ್ ಹೋಟೆಲಿನಲ್ಲಿ ಅಕ್ಕ

ಅಕ್ಕನ ಮನಸ್ಸು ತಿರುಗಿಸಲೆಂದೇ ತಮ್ಮ ಅವಳನ್ನು ಈ ಸ್ಪ್ಯಾನಿಷ್ ಹೋಟೆಲಿಗೆ ಕರೆತಂದಿದ್ದ. ಐವತ್ತು ದಾಟಿದ ಅಕ್ಕ ಪ್ರೆಸ್ಸಿನ ವ್ಯಾನ್ ಡ್ರೈವರನನ್ನು ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದಳು. ಅದೇ ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟಿ, ಬೆರಳಿಗೆಲ್ಲ ಗೋಂದು ಮೆತ್ತಿಕೊಂಡು ಅವಳು ತಮ್ಮನನ್ನು ಹಲ್ಲಿನ ಡಾಕ್ಟರು ಮಾಡಿದ್ದಳು. ಈಗ ಡಾಕ್ಟರಿಗೆ ಮರ್ಯಾದೆಯ ಚಿಂತೆ.

ಅಂಗೈಯಗಲದ ತಟ್ಟೆಗಳು ಒಂದೊಂದಾಗಿ ಬಂದವು. ಬೆಳ್ಳುಳ್ಳಿ ಎಣ್ಣೆಯಲ್ಲಿ ಚುರುಗುಡುವ ಸೀಗಡಿ, ಖಾರದ ಸಾಸ್ ಸುರಿದ ಆಲೂಗಡ್ಡೆ, ಉಪ್ಪುನೀರಿನ ಆಲಿವ್.

"ಇಷ್ಟೇ ಇಷ್ಟಾ? ಗುಬ್ಬಚ್ಚಿಗಾ ಇದು?" ಎಂದು ಅಕ್ಕ ನಕ್ಕಳು. ನಗುತ್ತಲೇ ಚಮಚ ಎತ್ತಿ ತಮ್ಮನಿಗೂ ಅವನ ಹೆಂಡತಿಗೂ ಬಡಿಸತೊಡಗಿದಳು. ಮನೆಯ ಅಭ್ಯಾಸ, ಬಿಡಬೇಕಲ್ಲ! ತಟ್ಟೆ ಬಂದ ಹಾಗೆಲ್ಲ ಹಂಚಿ ಮುಗಿಸಿದಳು. ಅವಳ ಮುಂದೆ ಮಾತ್ರ ಏನೂ ಉಳಿಯಲಿಲ್ಲ.

"ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಕ್ಕಾ? ಜನ ಆಡ್ಕೊಂಡು ನಗ್ತಾರೆ," ಸೀಗಡಿ ಅಗಿಯುತ್ತಲೇ ತಮ್ಮ ಶುರುಮಾಡಿದ. "ನಮ್ಮನೇಲಿ ನಿನಗೇನು ಕಮ್ಮಿ ಮಾಡಿದೀವಿ?"

ಅಷ್ಟರಲ್ಲಿ ಕರಿದ ಮೀನಿನ ತಟ್ಟೆ ತಂದಿಟ್ಟ ಸಪ್ಲೈಯರ್ ಮೆಲ್ಲಗೆ ಹೇಳಿದ: "ಮೇಡಂ, ಇಲ್ಲಿ ಯಾರೂ ಬಡಿಸಲ್ಲ. ನಡುವೆ ಇಟ್ಟಿರ್ತೀವಿ, ಅವರವರೇ ತಗೋತಾರೆ. ನೀವಿನ್ನೂ ಏನೂ ತಿಂದೇ ಇಲ್ವಲ್ಲ!"

ಅಕ್ಕನಿಗೆ ತನ್ನ ಮೇಲೇ ಸಿಟ್ಟು ಬಂದು ಮೈಯೆಲ್ಲ ಉರಿದುಹೋಯಿತು. ಚಮಚ ಕೆಳಗಿಟ್ಟಳು. ಮೀನಿನ ತುಂಡೊಂದನ್ನು ಬೆರಳಲ್ಲೇ ಎತ್ತಿ ಬಾಯಿಗೆ ಹಾಕಿಕೊಂಡಳು. ಇನ್ನೊಂದು ಎತ್ತಿದಳು. ಆಮೇಲೆ ತಟ್ಟೆಯನ್ನೇ ತನ್ನ ಕಡೆಗೆ ಎಳೆದುಕೊಂಡಳು.

"ಏನಾದ್ರೂ ಹೇಳು ಅಕ್ಕಾ."

"ತಿಂತಿದೀನಿ ಕಣೋ, ತಾಳು."

ಬಿಸಿ ಬಿಸಿ ಮೀನು, ಎಷ್ಟು ರುಚಿಯಾಗಿತ್ತು! ನಿಧಾನವಾಗಿ ತಿಂದು ಮುಗಿಸಿ, ಕೈ ಒರೆಸಿಕೊಂಡು ಫೋನ್ ತೆಗೆದಳು. "ಎಲ್ಲಿದೀರಾ? ಊಟ ಆಯ್ತಾ? ಇನ್ನೂ ಇಲ್ವಾ? ಹಾಗಾದ್ರೆ ಇಲ್ಲಿಗೇ ಬನ್ನಿ," ಎಂದು ಹೋಟೆಲಿನ ಗುರುತು ಹೇಳಿದಳು.

ತಮ್ಮನ ಮುಖ ಕಪ್ಪಿಟ್ಟಿತು. "ಅವನು ಬಂದ್ರೆ ನಾನು ಎದ್ದು ಹೋಗ್ತೀನಿ!" ಎಂದವನೇ ಹೆಂಡತಿಯತ್ತ ತಿರುಗಿದ. "ನಡಿ, ಏಳು."

"ನಾನಿನ್ನೂ ತಿಂತಿದೀನಲ್ಲ," ಎಂದು ಅವಳು ಆಲಿವ್ ತಟ್ಟೆಗೆ ಕೈ ಹಾಕಿದಳು.

ಅಕ್ಕನ ಪಕ್ಕದ ಕುರ್ಚಿಯಿಂದ ಅರ್ಧ ಎದ್ದಿದ್ದ ತಮ್ಮ ಹಾಗೇ ನಿಂತುಬಿಟ್ಟ. ಅಕ್ಕ ಅವನನ್ನು ನೆಟ್ಟಗೆ ನೋಡಿದಳು.

"ಹೋಗೋದಾದ್ರೆ ಹೋಗಪ್ಪ, ನಾನು ತಡೆಯಲ್ಲ. ಕೂರೋದಾದ್ರೆ ಆ ಕಡೆ ಸರಿ. ಇಲ್ಲಿ ನಿನ್ನ ಭಾವ ಕೂರ್ತಾರೆ."