ಚಕ್ರವರ್ತಿಯ ಲಾಗಿನ್

ದೊಡ್ಡಪ್ಪನಿಗೆ ಕಂಪ್ಯೂಟರ್ ಬರುತ್ತಿರಲಿಲ್ಲ ಎಂದರೆ ತಪ್ಪಾಗುತ್ತದೆ. ಅರ್ಧ ಬರುತ್ತಿತ್ತು, ತಾಪತ್ರಯವೆಲ್ಲ ಅದರಿಂದಲೇ. ಮೂರು ಕನ್ನಡಕದಂಗಡಿಗಳ ಯಜಮಾನ ಅವನು. ಗಿರಾಕಿಗಳ ಹೆಸರು, ಫೋನು, ಕಣ್ಣಿನ ನಂಬರು ಎಲ್ಲವೂ ಕ್ಲೌಡಿನಲ್ಲಿದ್ದ ಒಂದೇ ಡೇಟಾಬೇಸಿನಲ್ಲಿ. ಮೂರೂ ಅಂಗಡಿಯವರಿಗೆ ಸೇರಿ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್. ಅದನ್ನೂ ಚೀಟಿಯಲ್ಲಿ ಬರೆದು ಕೌಂಟರಿಗೆ ಅಂಟಿಸಿದ್ದರಿಂದ ಕೆಲವು ಗಿರಾಕಿಗಳಿಗೂ ಬಾಯಿಪಾಠವಾಗಿತ್ತು.

ಒಂದು ಮಧ್ಯಾಹ್ನ ದೊಡ್ಡಪ್ಪ ತನ್ನ ಭಾವಮೈದುನನ ಕಣ್ಣಿನ ನಂಬರು ತಿದ್ದಲು ನೇರ ಡೇಟಾಬೇಸಿನೊಳಗೇ ನುಗ್ಗಿದ. ಆಜ್ಞೆ ಸರಿಯಾಗಿಯೇ ಬರೆದ. ಯಾರ ನಂಬರು ಎಂದು ಹೇಳುವ ಕೊನೆಯ ಸಾಲೊಂದನ್ನು ಮಾತ್ರ ಬಿಟ್ಟ. ಡೇಟಾಬೇಸು ಬಡಪಾಯಿ, ಹೇಳಿದಷ್ಟು ಮಾಡಿತು. ಒಂದೇ ಏಟಿಗೆ ಸಕಲ ಗಿರಾಕಿಗಳಿಗೂ ಭಾವಮೈದುನನ ಕಣ್ಣು ಬಂತು. ಶಾಲೆಯ ಮಕ್ಕಳಿಂದ ಹಿಡಿದು ಹಣ್ಣು ಹಣ್ಣು ಮುದುಕರ ತನಕ ಎಲ್ಲರಿಗೂ ಸೋಡಾಬುಡ್ಡಿಯೇ ಗತಿಯಾಯಿತು.

ಅದನ್ನು ಸರಿಮಾಡಿದವಳು ಅವನ ತಮ್ಮನ ಮಗಳು. ಅಂಗಡಿಯ ಕಂಪ್ಯೂಟರುಗಳ ಉಸಾಬರಿ ಅವಳದಾದ್ದರಿಂದ ಎಲ್ಲರೂ ಅವಳನ್ನು ಕೀಲಿಕೈ ಎಂದೇ ಕರೆಯುತ್ತಿದ್ದರು. ಬ್ಯಾಕಪ್ಪಿನಿಂದ ಅವರವರ ಕಣ್ಣನ್ನು ಅವರವರಿಗೆ ಹಿಂತಿರುಗಿಸುವಷ್ಟರಲ್ಲಿ ಸಾಕೋ ಸಾಕಾಯಿತು. ಇನ್ನು ಮೇಲೆ ಪ್ರತಿಯೊಬ್ಬರಿಗೂ ಬೇರೆ ಲಾಗಿನ್, ಬೇರೆ ಪಾಸ್‌ವರ್ಡ್, ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಎಂದಳು.

"ಮಾಡು, ಬೇಡ ಅನ್ನಲ್ಲ," ಎಂದ ದೊಡ್ಡಪ್ಪ. "ಆದ್ರೆ ನನ್ನ ಅಧಿಕಾರಕ್ಕೆ ಕೈ ಹಾಕಿದ ದಿನ ಬೇರೆ ಕೆಲ್ಸ ನೋಡ್ಕೋ. ತಮ್ಮನ ಮಗಳು ಅಂತ ಮುಖ ನೋಡಲ್ಲ."

ಕೀಲಿಕೈಗೆ ಈ ಕೆಲಸ ಬೇಕಿತ್ತು, ಅದರ ಮೇಲೆ ಪ್ರೀತಿಯೂ ಇತ್ತು. ಹಾಗೆಂದು ದೊಡ್ಡಪ್ಪನ ಕೈಗೆ ಪೂರ್ತಿ ಅಧಿಕಾರ ಕೊಟ್ಟರೆ ಇನ್ನೊಂದು ಎಡವಟ್ಟು ಖಾತ್ರಿ. ತಲೆ ಕೆರೆದುಕೊಂಡು ಕೂತಿದ್ದಾಗ ತುಂಟ ಉಪಾಯವೊಂದು ಹೊಳೆಯಿತು. ಯಾರಿಗೆ ಎಷ್ಟು ಅಧಿಕಾರ ಎಂದು ಡೇಟಾಬೇಸಿಗೆ ತಿಳಿಸುವ ರೋಲ್‌ಗಳಿಗೆ ಹೆಸರಿಡುವವಳು ಅವಳೇ ತಾನೇ? ಹೆಸರು ಏನಾದರೂ ಇರಲಿ, ಡೇಟಾಬೇಸು ನೋಡುವುದು ಅದಕ್ಕೆ ಕೊಟ್ಟಿರುವ ಅನುಮತಿಯನ್ನು ಮಾತ್ರ.

ದೊಡ್ಡಪ್ಪನಿಗೆ ಕೊಟ್ಟ ರೋಲ್‌ನ ಹೆಸರು ‘ಚಕ್ರವರ್ತಿ’. ಎಲ್ಲವನ್ನೂ ನೋಡಬಹುದು, ಒಂದಕ್ಷರ ಮುಟ್ಟುವಂತಿಲ್ಲ. ಗಿರಾಕಿಗಳ ವಿವರ ತಿದ್ದುವ ಕೌಂಟರಿನವರಿಗೆ ‘ಕಸಬರಿಗೆ’. ಸಕಲ ಅಧಿಕಾರವೂ ಇದ್ದ ತನ್ನ ರೋಲ್‌ಗೆ ‘ಕಾಲೊರಸು’ ಎಂದಿಟ್ಟಳು. ಅಂಥ ಹೆಸರನ್ನು ದೊಡ್ಡಪ್ಪ ತಿರುಗಿಯೂ ನೋಡುವವನಲ್ಲ ಎಂದು ಅವಳಿಗೆ ಗೊತ್ತಿತ್ತು.

ದೊಡ್ಡಪ್ಪ ಹಿರಿಹಿರಿ ಹಿಗ್ಗಿದ. ದಿನಾ ಬೆಳಿಗ್ಗೆ ಲಾಗಿನ್ ಆಗುವುದೇ ಒಂದು ದರ್ಬಾರು. ಯಾರಿಗೂ ಹೇಳಬಾರದೆಂಬ ಎಚ್ಚರಿಕೆಯೊಂದಿಗೆ ಫೋನಿಗೆ ಬಂದ ಓಟಿಪಿಯನ್ನು ಇಡೀ ಅಂಗಡಿಗೆ ಕೇಳುವಂತೆ ಓದುತ್ತಿದ್ದ. ಪರದೆಯ ಮೂಲೆಯಲ್ಲಿ ‘ಚಕ್ರವರ್ತಿ’ ಎಂದು ಮೂಡಿದ ಕೂಡಲೇ ಮೀಸೆ ತಿರುವುತ್ತಿದ್ದ. ಏನಾದರೂ ತಿದ್ದಲು ಹೊರಟರೆ ಕೀಲಿಕೈ ಓಡಿ ಬಂದು, "ಚಕ್ರವರ್ತಿಗಳು ತಾವೇ ಬರೀತಾರಾ ದೊಡ್ಡಪ್ಪ? ಅಪ್ಪಣೆ ಕೊಡಿ ಸಾಕು," ಎನ್ನುತ್ತಿದ್ದಳು. ಅವನು ಅಪ್ಪಣೆ ಕೊಡುತ್ತಿದ್ದ, ಅವಳು ಮಾಡುತ್ತಿದ್ದಳು. ಕೆಲವು ತಿಂಗಳು ಎಲ್ಲರೂ ಸುಖವಾಗಿದ್ದರು.

ಒಂದು ದಿನ ಅವಳು ಒಳಕೋಣೆಯಲ್ಲಿದ್ದಾಗ ಅಜ್ಜಿಯೊಬ್ಬರು ಬಂದು, ತಮ್ಮ ಫೋನ್ ನಂಬರ್ ಬದಲಾಗಿದೆ, ಬರೆದುಕೊಳ್ಳಿ ಎಂದರು. ದೊಡ್ಡಪ್ಪ ಕೌಂಟರಿನಾಕೆಯನ್ನು ಪಕ್ಕಕ್ಕೆ ಸರಿಸಿ ತಾನೇ ಕೂತು, ತನ್ನ ಲಾಗಿನ್ನಿನಲ್ಲಿ ಹೊಸ ನಂಬರ್ ಬರೆದ.

‘ಅನುಮತಿ ಇಲ್ಲ’ ಎಂದಿತು ಪರದೆ. ಇನ್ನೊಮ್ಮೆ ಒತ್ತಿದ. ‘ಅನುಮತಿ ಇಲ್ಲ.’ ಗುದ್ದಿದ. ಅದೇ ರಾಗ, ಅದೇ ಹಾಡು.

"ಪಾಪ, ಹೊಸದಾಗಿ ಸೇರಿದೀರೇನೋ," ಎಂದರು ಅಜ್ಜಿ.

"ಬಿಡಿ ಸಾರ್, ನಾನ್ ಮಾಡ್ತೀನಿ," ಎಂದು ಕೌಂಟರಿನಾಕೆ ತನ್ನ ಲಾಗಿನ್ನಿನಲ್ಲಿ ಒಳಹೊಕ್ಕು ಚಕ್ಕೆಂದು ನಂಬರ್ ಬದಲಿಸಿದಳು. ಪರದೆಯ ಮೂಲೆಯಲ್ಲಿ ‘ಕಸಬರಿಗೆ’ ಎಂದಿತ್ತು. ದೊಡ್ಡಪ್ಪ ಅದನ್ನು ಓದಿದ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಆಮೇಲೆ ಬಾಗಿಲಲ್ಲಿ ಬಂದು ನಿಂತಿದ್ದ ಕೀಲಿಕೈಯತ್ತ ತಿರುಗಿದ.

"ಕಸಬರಿಗೆ ಮಾಡೋ ಕೆಲ್ಸ ಚಕ್ರವರ್ತಿ ಕೈಲಿ ಆಗಲ್ವಾ?"

ಸುಳ್ಳು ಹೇಳಬಹುದಿತ್ತು, ನಾಲಿಗೆ ಏಳಲಿಲ್ಲ. "ಆಗಲ್ಲ ದೊಡ್ಡಪ್ಪ. ನಿಮಗೆ ನೋಡೋಕೆ ಮಾತ್ರ ಬಿಟ್ಟಿದೀನಿ."

ದೊಡ್ಡಪ್ಪ ಎದ್ದು ಹೋದ. ಅವಳು ತನ್ನ ಲೋಟ, ಚಾರ್ಜರ್ ಎಲ್ಲ ಚೀಲಕ್ಕೆ ತುಂಬಿಕೊಂಡಳು. ಅಳು ಒತ್ತರಿಸಿ ಬಂತು. ಕೆಲಸ ಹೋಯಿತೆಂಬ ದುಃಖ ಒಂದು ಕಡೆ. ಹೊರಗಿನವರೊಬ್ಬರ ಮುಂದೆ ಅವನ ಮುಖ ಸಣ್ಣಗಾಯಿತಲ್ಲ ಎಂಬ ಸಂಕಟ ಇನ್ನೊಂದು ಕಡೆ.

ಮರುದಿನ ದೊಡ್ಡಪ್ಪ ಅವಳನ್ನೂ ಕರೆಸಿ, ಎಲ್ಲರನ್ನೂ ಸೇರಿಸಿ, "ಇವತ್ತಿಂದ ಇವಳೇ ಮೂರೂ ಅಂಗಡಿಗೆ ಜನರಲ್ ಮ್ಯಾನೇಜರ್," ಎಂದುಬಿಟ್ಟ. ಗಾಜಿನ ಕೋಣೆ, ಗರಗರ ತಿರುಗುವ ಕುರ್ಚಿ, ಬಾಗಿಲಿಗೆ ಥಳಥಳಿಸುವ ಫಲಕ. ಚಪ್ಪಾಳೆಯೋ ಚಪ್ಪಾಳೆ. ಕೀಲಿಕೈಗೆ ಇದು ಕನಸೋ ನನಸೋ ತಿಳಿಯಲಿಲ್ಲ.

ಕುರ್ಚಿಯಲ್ಲಿ ಕೂತವಳೇ ಕೌಂಟರಿನಾಕೆಯನ್ನು ಕರೆದು ಹೊಸ ಕೀಬೋರ್ಡ್ ತರಿಸಲು ಹೇಳಿದಳು.

"ಯಜಮಾನ್ರನ್ನ ಕೇಳ್ಬೇಕಂತೆ ಮೇಡಂ."

"ಹೋಗ್ಲಿ, ಒಂದು ಟೀ ತರಿಸಿ."

"ಅದಕ್ಕೂ ಕೇಳ್ಬೇಕಂತೆ."

"ಆ ಕಿಟಕಿಯಾದ್ರೂ ತೆಗೀರಿ, ಸೆಕೆ!"

ಕೌಂಟರಿನಾಕೆ ನಗು ತಡೆಯಲಾರದೆ ಸೆರಗನ್ನು ಬಾಯಿಗೊತ್ತಿಕೊಂಡು ಹೊರಗೋಡಿದಳು. ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದ.

"ಜನರಲ್ ಮ್ಯಾನೇಜರು ಎಲ್ಲಾನೂ ನೋಡ್ಬಹುದು," ಎಂದ, "ಮುಟ್ಟೋ ಹಾಗಿಲ್ಲ."

ಅವಳಿಗೆ ನಗುವೂ ಬಂತು, ನಾಚಿಕೆಯೂ ಆಯಿತು. "ನಿಮ್ಮ ಅಧಿಕಾರ ವಾಪಸ್ ಕೊಟ್ಬಿಡ್ಲಾ ದೊಡ್ಡಪ್ಪ?"

"ಬೇಡ ಮಾರಾಯ್ತಿ, ನೀನೇ ಇಟ್ಕೋ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ." ಅವನ ದನಿ ತಗ್ಗಿತು. "ಆದ್ರೆ ಬೇಡ ಅಂತ ಮುಖದ ಮೇಲೆ ಹೇಳ್ಬಹುದಿತ್ತಲ್ಲ. ನಾನೇನು ಹೊರಗಿನವನಾ?"

ಕೆಲಸದಿಂದ ತೆಗೆದಿದ್ದರೂ ಅವಳಿಗೆ ಇಷ್ಟು ನಾಟುತ್ತಿರಲಿಲ್ಲ.

"ತಪ್ಪಾಯ್ತು ದೊಡ್ಡಪ್ಪ," ಎಂದಳು. ಕುರ್ಚಿಯಿಂದ ಎದ್ದು, "ಈಗಲಾದ್ರೂ ಟೀ ತರಿಸ್ಲಾ?"

"ಅರ್ಜಿ ಕೊಡು, ನೋಡೋಣ," ಎಂದು ದೊಡ್ಡಪ್ಪ ಬಾಗಿಲೆಳೆದುಕೊಂಡು ಹೋದ.